ಎಂಜಿನ್ ಹಿಡಿಯದ ಬೆಳಿಗ್ಗೆ

"ಬುದ್ಧಿ, ಕರೆಯದೆ ಹೋಗಬಹುದೇ?"

ಶಿಷ್ಯ ನಂದೀಶ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆಯೇ, "ಎಲ್ಲಿಗೆ?" ಎಂದರು.

"ಅಣ್ಣನ ಮನೆಗೆ. ಅವನಿಗೆ ಮೈ ಸರಿಯಿಲ್ಲವೆಂದು ಸಂತೆಯಲ್ಲಿ ಯಾರೋ ಹೇಳಿದರು. ಹಾಸಿಗೆ ಹಿಡಿದು ಬಹಳ ದಿನವಾಯಿತಂತೆ. ನಮ್ಮಿಬ್ಬರ ನಡುವೆ ಮಾತಿಲ್ಲದಿರುವುದು ತಮಗೆ ಗೊತ್ತೇ ಇದೆ. ಅವನು ಒಂದು ಮಾತು ಹೇಳಿ ಕಳುಹಿಸಿದರೆ ಈಗಲೇ ಹೊರಡುತ್ತೇನೆ. ಇದುವರೆಗೆ ಕಳುಹಿಸಿಲ್ಲ. ಕಾಯುವುದು ಸರಿಯೋ, ನಾನಾಗಿಯೇ ಹೋಗುವುದು ಸರಿಯೋ ತಿಳಿಯುತ್ತಿಲ್ಲ."

"ತಪ್ಪು ಯಾರದು?"

"ಅವನದು ಬುದ್ಧಿ. ಪೂರ್ತಿ ಅವನದೆಂದು ಹೇಳಲಾರೆ. ಆದರೆ ಹೆಚ್ಚಿನದು ಅವನದೇ."

ಗುರುಗಳು ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟರು. ನಂದೀಶ ಕುಳಿತು ಒಂದು ಕಾಯಿ ಕೈಗೆತ್ತಿಕೊಂಡ ಮೇಲೆ ಅವರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಪಕ್ಕದ ಮನೆಯಲ್ಲಿ ಒಬ್ಬ ರೈತ ಇದ್ದ. ರೈತ ರೇಷ್ಮೆ ಬೆಳೆಯುತ್ತಿದ್ದ. ಎರಡು ಮನೆಗಳ ನಡುವೆ ಒಂದೇ ಗೋಡೆ. ಮುಂದಿನ ದಾರಿ ಇಳಿಜಾರಾಗಿ ಕೆರೆಯ ಕಡೆಗೆ ಹೋಗುತ್ತಿತ್ತು.

ಆ ಕಾಲಕ್ಕೆ ಆ ಊರಿಗೆ ಫೋನು ಬಂದಿರಲಿಲ್ಲ. ಬಸ್ಸು ಬರುತ್ತಿದ್ದುದು ಬಿಸಿಲೇರಿದ ಮೇಲೆ. ಊರಿನಲ್ಲಿ ಎಂಜಿನ್ ಇದ್ದ ಗಾಡಿಗಳು ಎರಡೇ. ಒಂದು ವ್ಯಾಪಾರಿಯ ಕಾರು, ಇನ್ನೊಂದು ರೈತನ ಹಳೆಯ ಜೀಪು. ರೈತ ಅದರಲ್ಲಿ ರೇಷ್ಮೆಗೂಡನ್ನು ಪೇಟೆಯ ಮಾರುಕಟ್ಟೆಗೆ ಒಯ್ಯುತ್ತಿದ್ದ.

ವ್ಯಾಪಾರಿಯ ಹೆಂಡತಿಯ ಹೆಸರು ದೇವೀರಮ್ಮ. ಆಕೆಗೆ ಒಡಹುಟ್ಟಿದವರಿರಲಿಲ್ಲ. ಮದುವೆಯಾಗಿ ಆ ಮನೆಗೆ ಬಂದ ಹೊಸದರಲ್ಲಿ ಪಕ್ಕದ ಮನೆಯವನನ್ನು ತಮ್ಮ ಎಂದು ಕರೆದಳು. ಅವನು ಅಕ್ಕ ಎಂದ. ಅಕ್ಕನ ಗಂಡನಾದ್ದರಿಂದ ವ್ಯಾಪಾರಿ ಅವನಿಗೆ ಭಾವನಾದ. ರಕ್ತಸಂಬಂಧವಲ್ಲ, ಆದರೂ ಒಂದು ಮನೆಯ ಸಾರು ಇನ್ನೊಂದು ಮನೆಗೆ ಹೋಗದ ದಿನ ಇರಲಿಲ್ಲ.

ದೇವೀರಮ್ಮನಿಗೆ ಉಬ್ಬಸವಿತ್ತು. ಚಳಿಗಾಲದಲ್ಲಿ ಅದು ಜೋರಾಗುತ್ತಿತ್ತು. ಹಾಗೆ ಆದಾಗಲೆಲ್ಲ ಕಾರೋ ಜೀಪೋ, ಯಾವುದು ಕೈಗೆ ಸಿಗುತ್ತದೋ ಅದರಲ್ಲಿ ಆಕೆಯನ್ನು ಪೇಟೆಯ ಆಸ್ಪತ್ರೆಗೆ ಒಯ್ಯುತ್ತಿದ್ದರು. ವೈದ್ಯರು ಒಂದು ಸೂಜಿ ಚುಚ್ಚುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಆಕೆ ಎದ್ದು ಕುಳಿತು ಕಾಫಿ ಕೇಳುತ್ತಿದ್ದಳು. ಸಂಜೆ ಮನೆಗೆ ಬಂದು ಒಲೆ ಹಚ್ಚುತ್ತಿದ್ದಳು.

ಒಂದು ದಿನ ರೈತ ಜೀಪನ್ನು ಹಿಂದಕ್ಕೆ ತೆಗೆಯುವಾಗ ಅದು ಕಾರಿಗೆ ತಾಗಿತು. ಕಾರಿನ ಬಾಗಿಲ ಮೇಲೆ ಉದ್ದಕ್ಕೆ ಗೀರು ಬಿತ್ತು. ನೋಡಿದವರು ಯಾರೂ ಇರಲಿಲ್ಲ. ಆದರೂ ರೈತ ತಾನಾಗಿಯೇ ವ್ಯಾಪಾರಿಯ ಮನೆಗೆ ಹೋದ. ಒಳಗೆ ಪೇಟೆಯಿಂದ ಬಂದ ನಾಲ್ಕು ಜನ ಮಂಡಿ ವರ್ತಕರು ಕುಳಿತಿದ್ದರು.

"ಭಾವ, ನನ್ನಿಂದ ತಪ್ಪಾಯಿತು. ಬಾಗಿಲಿಗೆ ಬಣ್ಣ ನಾನು ಹೊಡೆಸಿಕೊಡುತ್ತೇನೆ" ಎಂದ.

ವ್ಯಾಪಾರಿಗೆ ಆ ಕಾರಿನ ಮೇಲೆ ಬಹಳ ಪ್ರೀತಿ. ಎದ್ದು ಹೊರಗೆ ಬಂದು ಗೀರನ್ನು ನೋಡಿದ. ಕೈಯಾಡಿಸಿದ. ಆಮೇಲೆ ಎಲ್ಲರ ಮುಂದೆ, "ಎತ್ತು ಹೊಡೆಯುವ ಕೈಗೆ ಸ್ಟಿಯರಿಂಗ್ ಕೊಟ್ಟರೆ ಆಗುವುದೇ ಹೀಗೆ. ಇನ್ನು ಮೇಲೆ ನನ್ನ ಗಾಡಿಯ ಹತ್ತಿರ ಸುಳಿಯಬೇಡ" ಎಂದ.

ಬಂದವರಲ್ಲಿ ಒಬ್ಬ ನಕ್ಕ. ಆ ನಗು ಇರದಿದ್ದರೆ ರೈತ ಆ ಮಾತನ್ನು ನುಂಗಿಕೊಳ್ಳುತ್ತಿದ್ದನೋ ಏನೋ.

"ಆಗಲಿ. ನೀವಾಗಿ ಕರೆಯುವವರೆಗೆ ನಿಮ್ಮ ಗಾಡಿಯ ಹತ್ತಿರ ಮಾತ್ರವಲ್ಲ, ನಿಮ್ಮ ಬಾಗಿಲ ಹತ್ತಿರವೂ ಬರುವುದಿಲ್ಲ" ಎಂದು ಹೇಳಿ ಹೋದ.

ಅಂದಿನಿಂದ ಗಂಡಸರ ಮಾತು ನಿಂತಿತು. ಹೆಂಗಸರು ಮಾತ್ರ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ನೆಪದಲ್ಲಿ ಮಾತಾಡಿಕೊಳ್ಳುತ್ತಿದ್ದರು. ದೇವೀರಮ್ಮ ಗಂಡನಿಗೆ ಆಗಾಗ ಹೇಳುತ್ತಿದ್ದಳು, "ಒಂದು ಸಲ ಕರೆದುಬಿಡಿ. ಅವನು ಹೊಸ್ತಿಲಲ್ಲೇ ನಿಂತಿದ್ದಾನೆ." ವ್ಯಾಪಾರಿಗೂ ಕರೆಯಬೇಕೆಂದೇ ಇತ್ತು. ಆಡಿದ ಮಾತು ಹೆಚ್ಚಾಯಿತೆಂದು ಅವನಿಗೆ ಅಂದೇ ಅನ್ನಿಸಿತ್ತು. ಯುಗಾದಿ ಬರಲಿ ಎಂದುಕೊಂಡ. ಯುಗಾದಿ ಬಂದು ಹೋಯಿತು. ಗೌರಿ ಹಬ್ಬ ಬರಲಿ ಎಂದುಕೊಂಡ. ಅದೂ ಹೋಯಿತು. ಒಳ್ಳೆಯ ಸಂದರ್ಭ ನೋಡಿ ಕರೆಯೋಣ ಎನ್ನುವವನಿಗೆ ಯಾವ ಸಂದರ್ಭವೂ ಸಾಕಾಗುವುದಿಲ್ಲ.

ಮಾಗಿಯ ಚಳಿ ಬಂತು. ಅದು ಆಲೆಮನೆಗಳು ಓಡುವ ಕಾಲ. ವ್ಯಾಪಾರಿ ದಿನವೂ ಬೆಲ್ಲದ ಲಾರಿಯಲ್ಲಿಯೇ ಪೇಟೆಗೆ ಹೋಗಿ ಬರುತ್ತಿದ್ದ. ಕಾರಿಗೆ ಕೆಲಸವಿರಲಿಲ್ಲ. ಅದು ಬಹಳ ದಿನ ಮನೆಯ ಮುಂದೆ ಹೊದಿಕೆಯ ಕೆಳಗೆ ನಿಂತೇ ಇತ್ತು.

ಒಂದು ಮುಂಜಾನೆ ದೇವೀರಮ್ಮನಿಗೆ ಉಬ್ಬಸ ಎದ್ದಿತು. ಅಂಗಳಕ್ಕೆ ನೀರು ಹಾಕಲು ಹೋದವಳು ಕಂಬ ಹಿಡಿದು ಕುಳಿತಳು. ವ್ಯಾಪಾರಿ ಕಾರಿನ ಹೊದಿಕೆಯನ್ನು ಕಿತ್ತೆಸೆದು, ಅವಳನ್ನು ಎತ್ತಿ ತಂದು ಕಂಬಳಿ ಹೊದಿಸಿ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದ. ಕೀಲಿ ತಿರುಗಿಸಿ ಸೆಲ್ಫ್ ಎಳೆದ.

ಎಂಜಿನ್ ಒಂದು ಸುತ್ತು ನಿಧಾನವಾಗಿ ನರಳಿತು. ಹಿಡಿಯಲಿಲ್ಲ.

ಈ ವ್ಯಾಪಾರಿ ಏನೂ ತಿಳಿಯದವನಲ್ಲ. ಕಾರು ಮಾರಿದವನು ಅದನ್ನು ಕೊಡುವಾಗ ಎಲ್ಲವನ್ನೂ ಹೇಳಿಕೊಟ್ಟಿದ್ದ. ಗಾಡಿ ಹಿಡಿಯದಿದ್ದರೆ ಮೊದಲು ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರು ನ್ಯೂಟ್ರಲ್‌ನಲ್ಲಿದೆಯೇ ನೋಡಿ. ದೀಪ ಹಾಕಿ ನೋಡಿ. ದೀಪ ಮಂಕಾಗಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಅದರ ತಂತಿಯ ಬಾಯಿಗೆ ಕಿಲುಬು ಕಟ್ಟಿದೆ, ಆಗ ಸೆಲ್ಫ್ ಎಳೆದಷ್ಟೂ ಕೆಡುತ್ತದೆ. ಸ್ವಲ್ಪ ಎಳೆಯಿರಿ, ಬಿಡಿ, ಸುಧಾರಿಸಿಕೊಳ್ಳಲು ಬಿಡಿ. ಆಕ್ಸಿಲರೇಟರ್ ತುಳಿಯುತ್ತಲೇ ಇದ್ದರೆ ಪೆಟ್ರೋಲು ತುಂಬಿಕೊಂಡು ಇನ್ನೂ ಹಿಡಿಯುವುದಿಲ್ಲ. ತಳ್ಳುವುದಾದರೆ ಸಮನೆಲದಲ್ಲಿ ತಳ್ಳಿಸಿ, ಇಳಿಜಾರಿಗೆ ಬಿಡಬೇಡಿ, ಕೂತವರನ್ನು ಮೊದಲು ಇಳಿಸಿ. ಎಂಜಿನ್ನನ್ನು ಕೈಯಿಂದ ತಿರುಗಿಸುವ ಹ್ಯಾಂಡಲ್ ಹಾಕುವುದಾದರೆ ಹೆಬ್ಬೆರಳನ್ನು ಸುತ್ತಿ ಹಿಡಿಯಬೇಡಿ, ಎಂಜಿನ್ ತಿರುಗಿ ಒದೆಯುತ್ತದೆ. ಎರಡು ಮೂರು ಸಲಕ್ಕೆ ಆಗದಿದ್ದರೆ ಅದನ್ನು ಅಲ್ಲಿಗೇ ಬಿಟ್ಟು ಬೇರೆ ಗಾಡಿ ನೋಡಿ.

ಇವೆಲ್ಲ ವ್ಯಾಪಾರಿಗೆ ಬಾಯಿಪಾಠವಾಗಿತ್ತು. ಮನೆಗೆ ಬಂದ ನೆಂಟರಿಗೆ ಕಾರು ತೋರಿಸುವಾಗ ಇದನ್ನೇ ಹೇಳುತ್ತಿದ್ದ. ಆ ಬೆಳಿಗ್ಗೆ ಒಂದೂ ನೆನಪಿಗೆ ಬರಲಿಲ್ಲ. ಪಕ್ಕದಲ್ಲಿ ಹೆಂಡತಿಯ ಉಸಿರು ಸೀಟಿ ಊದಿದಂತೆ ಕೇಳುತ್ತಿತ್ತು. ಅವನು ಇನ್ನೊಮ್ಮೆ ಎಳೆದ. ಮತ್ತೆ ಎಳೆದ. ಪ್ರತಿ ಸಲವೂ ಈಗ ಹಿಡಿಯಿತು ಎನ್ನುವ ಹಾಗೆ ಕೇಳುತ್ತಿತ್ತು. ಎಂಜಿನ್ ಪೂರ್ತಿ ಸುಮ್ಮನಿದ್ದಿದ್ದರೆ ಅವನು ಇಳಿದು ಬಿಡುತ್ತಿದ್ದ. ಆ ಆಸೆಯೇ ಅವನನ್ನು ಕಟ್ಟಿಹಾಕಿತು.

ದೇವೀರಮ್ಮ ಅವನ ತೋಳು ಹಿಡಿದಳು. ಮಾತಾಡಲು ಆಕೆಗೆ ಕಷ್ಟವಾಗುತ್ತಿತ್ತು. "ತಮ್ಮನನ್ನು ಕರೆಯಿರಿ" ಎಂದಳು.

"ಇನ್ನೊಂದು ಸಲ ನೋಡುತ್ತೇನೆ" ಎಂದ ವ್ಯಾಪಾರಿ.

ಇತ್ತ ಪಕ್ಕದ ಮನೆಯಲ್ಲಿ ರೈತ ಆಗಲೇ ಎದ್ದಿದ್ದ. ಹುಳುವಿಗೆ ಸೊಪ್ಪು ಹಾಕುತ್ತಿದ್ದವನಿಗೆ ಮೊದಲ ಸಲದ ಸದ್ದೇ ಕೇಳಿತು. ಈ ಹೊತ್ತಿನಲ್ಲಿ ಕಾರು ತೆಗೆಯುತ್ತಿದ್ದಾರೆಂದರೆ ಅಕ್ಕನಿಗೆ ಉಬ್ಬಸ ಬಂದಿದೆ ಎಂದು ತಿಳಿಯಿತು. ಸೊಪ್ಪಿನ ಮಂಕರಿಯನ್ನು ಅಲ್ಲೇ ಬಿಟ್ಟು ಅಂಗಿ ಹಾಕಿಕೊಂಡ. ಮೊಳೆಯಲ್ಲಿದ್ದ ಜೀಪಿನ ಕೀಲಿ ತೆಗೆದುಕೊಂಡ. ಬಾಗಿಲವರೆಗೆ ಬಂದ. ಬಾಗಿಲ ಒಳಗೇ ನಿಂತ.

ಅವನ ಹೆಂಡತಿ ಹಿಂದಿನಿಂದ ಬಂದು, "ಹೋಗಿ, ಯಾಕೆ ನಿಂತಿರಿ?" ಎಂದಳು.

"ಈಗ ಕರೆಯುತ್ತಾರೆ" ಎಂದ ರೈತ.

"ಕರೆಯದಿದ್ದರೆ?"

"ಕರೆಯದೆ ಏನು ಮಾಡುತ್ತಾರೆ? ಇರುವುದು ಎರಡೇ ಗಾಡಿ."

ಅವನು ಹಟಕ್ಕೆ ನಿಂತನೆಂದು ನೀನು ತಿಳಿಯಬೇಡ. ಭಾವ ಒಂದು ಸಲ ಕೂಗಿದರೆ ಅಷ್ಟೂ ತಿಂಗಳ ಕಹಿ ಕರಗಿಹೋಗುತ್ತದೆ ಎಂದು ಅವನು ಎಣಿಸಿದ್ದ. ಹೆಸರು ಹಿಡಿದು ಕೂಗಬೇಕೆಂದೂ ಇರಲಿಲ್ಲ. ಬಾಗಿಲು ಬಡಿದರೂ ಸಾಕಿತ್ತು. ಕೀಲಿಯನ್ನು ಅಂಗೈಯಲ್ಲಿ ಹಿಡಿದು ಕಿವಿಯನ್ನು ಬಾಗಿಲಿಗೆ ಕೊಟ್ಟು ನಿಂತಿದ್ದ. ಸೆಲ್ಫ್ ಸದ್ದು ಸಲ ಸಲಕ್ಕೂ ಕುಗ್ಗುತ್ತಿರುವುದು ಅವನಿಗೆ ಕೇಳುತ್ತಿತ್ತು. ಬ್ಯಾಟರಿ ಮುಗಿಯುತ್ತಾ ಬಂತು, ಇನ್ನು ಕರೆಯಲೇಬೇಕು ಎಂದುಕೊಂಡ.

ಹೊರಗೆ ಆಗ ಡೇರಿಗೆ ಹಾಲು ಒಯ್ಯುತ್ತಿದ್ದ ಇಬ್ಬರು ಗಂಡಸರು ಬಂದರು. ವ್ಯಾಪಾರಿ ಅವರನ್ನು ನಿಲ್ಲಿಸಿ, "ಸ್ವಲ್ಪ ತಳ್ಳಿ ಕೊಡಿ" ಎಂದ.

ಅವರಲ್ಲಿ ಒಬ್ಬ ಕಾರಿನೊಳಗೆ ಬಗ್ಗಿ ನೋಡಿದ. "ಅಮ್ಮನವರಿಗೆ ಬಹಳ ಆಗಿದೆಯಲ್ಲ ಯಜಮಾನರೇ. ಪಕ್ಕದಲ್ಲೇ ಜೀಪಿದೆ, ಕೇಳಬಾರದೇ?" ಎಂದ.

"ಇಳಿಜಾರಿದೆ. ನಾಲ್ಕು ಮಾರು ಹೋದರೆ ಹಿಡಿಯುತ್ತದೆ. ತಳ್ಳಿ" ಎಂದ ವ್ಯಾಪಾರಿ.

ಅವರು ಹಾಲಿನ ಕ್ಯಾನು ಕೆಳಗಿಟ್ಟು ತಳ್ಳಿದರು. ದೇವೀರಮ್ಮ ಕಾರಿನಲ್ಲಿಯೇ ಕುಳಿತಿದ್ದಳು. ಕಾರು ಇಳಿಜಾರಿನಲ್ಲಿ ಉರುಳತೊಡಗಿತು. ವ್ಯಾಪಾರಿ ಗೇರು ಹಾಕಿ ಕ್ಲಚ್ ಬಿಟ್ಟ. ಕಾರು ಜಗ್ಗಿ ಮುಗ್ಗರಿಸಿತು. ದೇವೀರಮ್ಮನ ಹಣೆ ಮುಂದಿನ ಹಲಗೆಗೆ ತಾಗಿತು. ಪೆಟ್ರೋಲಿನ ವಾಸನೆ ಎದ್ದಿತು. ಎಂಜಿನ್ ಹಿಡಿಯಲಿಲ್ಲ. ಅವನು ಮತ್ತೆ ಕ್ಲಚ್ ತುಳಿದು ಇನ್ನಷ್ಟು ಕೆಳಕ್ಕೆ ಬಿಟ್ಟ. ಹೀಗೆ ಹೋಗುತ್ತಾ ಹೋಗುತ್ತಾ ದಾರಿ ಮುಗಿದು ಕೆರೆಯ ಏರಿಯ ಬುಡದಲ್ಲಿ ಕಾರು ನಿಂತಿತು. ಮನೆಗಳು ಮೇಲೆ, ಮಂಜಿನ ಆಚೆ ಉಳಿದವು.

ಒಳಗೆ ನಿಂತಿದ್ದ ರೈತನಿಗೆ ಜನರ ಮಾತು ಕೇಳಿತು. ಚಕ್ರ ಉರುಳಿದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಇಳಿಜಾರಿನಲ್ಲಿ ಎಂಜಿನ್ ಹಿಡಿದು ಕಾರು ಹೊರಟುಹೋಯಿತು ಎಂದು ಅವನು ತಿಳಿದ. ಅವನಿಗೆ ಸಮಾಧಾನವಾಯಿತು. ಸಮಾಧಾನದ ಜೊತೆಗೆ ಸ್ವಲ್ಪ ನೋವೂ ಆಯಿತು. "ಹೋದರು ಬಿಡು. ನಮ್ಮ ಹಂಗು ಬೇಕಾಗಲಿಲ್ಲ" ಎಂದು ಹೆಂಡತಿಗೆ ಹೇಳಿದ. ಕೀಲಿಯನ್ನು ಮೊಳೆಗೆ ತೂಗುಹಾಕಿ ಸೊಪ್ಪಿನ ಮಂಕರಿಯ ಹತ್ತಿರ ಹೋದ.

ಕೆಳಗೆ, ತಳ್ಳಿದವರು ಬೆವರು ಒರೆಸಿಕೊಂಡು ನಿಂತಿದ್ದರು. ಕಾರನ್ನು ಮತ್ತೆ ಮೇಲಕ್ಕೆ ತಳ್ಳುವುದು ಇಬ್ಬರಿಂದ ಆಗುವ ಮಾತಾಗಿರಲಿಲ್ಲ. "ಇನ್ನು ನಾಲ್ಕು ಜನರನ್ನು ಕರೆದು ತರುತ್ತೇವೆ" ಎಂದು ಹೇಳಿ ಅವರು ಏರಿಯ ಆಚೆಯ ಕೇರಿಗೆ ಓಡಿದರು.

ವ್ಯಾಪಾರಿ ಡಿಕ್ಕಿಯಿಂದ ಹ್ಯಾಂಡಲ್ ತೆಗೆದ. ಕಾರಿನ ಮುಂದೆ ಬಂದು ಅದನ್ನು ಸಿಕ್ಕಿಸಿದ. ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಬಿಗಿಯಾಗಿ ಸುತ್ತಿ ಮೈಭಾರವನ್ನೆಲ್ಲ ಹಾಕಿ ಕೆಳಕ್ಕೆ ಒತ್ತಿದ. ಎಂಜಿನ್ ಒಂದೇ ಒಂದು ಸಲ ಹೊಡೆಯಿತು, ತಿರುಗಿ ಒದೆಯಿತು. ಅವನ ಮಣಿಕಟ್ಟು ಮುರಿಯಿತು. ಕೈಯನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕುಳಿತುಬಿಟ್ಟ.

ಅವನು ತಲೆ ಎತ್ತಿದಾಗ ಗಾಜಿನ ಆಚೆ ಹೆಂಡತಿ ಕಂಡಳು. ಆಕೆ ತನ್ನ ಸೀಟಿನಿಂದ ಓರೆಯಾಗಿ ಬಾಗಿದ್ದಳು. ಕಂಬಳಿ ಜಾರಿತ್ತು. ಒಂದು ಕೈಯನ್ನು ಅವನ ಸೀಟಿನ ಮೇಲೆ ಊರಿ ಇನ್ನೊಂದು ಕೈಯಿಂದ ಸ್ಟಿಯರಿಂಗ್ ನಡುವಿನ ಹಾರನ್ ಒತ್ತುತ್ತಿದ್ದಳು. ಒಳಗೆಲ್ಲೋ ಕಿರ್ ಎಂದು ಒಂದು ಸಣ್ಣ ಸದ್ದಾಯಿತು. ಮುಂದೆ ಕುಳಿತಿದ್ದ ಅವನಿಗೇ ಅದು ಸರಿಯಾಗಿ ಕೇಳಲಿಲ್ಲ. ಆಕೆ ಮತ್ತೆ ಒತ್ತಿದಳು. ಈ ಸಲ ಅದೂ ಇಲ್ಲ. ಬ್ಯಾಟರಿಯಲ್ಲಿ ಇದ್ದುದನ್ನೆಲ್ಲ ಅವನು ಆಗಲೇ ಎಳೆದು ಮುಗಿಸಿದ್ದ.

ಆಕೆ ಬೆರಳು ತೆಗೆಯಲಿಲ್ಲ. ಮುಖವನ್ನು ಮಾತ್ರ ಮನೆಯ ಕಡೆಗೆ ತಿರುಗಿಸಿದ್ದಳು. ಯಾರನ್ನು ಕರೆಯುತ್ತಿದ್ದಾಳೆಂದು ವ್ಯಾಪಾರಿಗೆ ತಿಳಿಯಿತು.

ಅವನು ಎದ್ದ. ಇಳಿಜಾರನ್ನು ಹತ್ತಿ ಓಡಿದ. ವಯಸ್ಸಾದ ಮೈ, ಮುರಿದ ಕೈ, ನಡುವೆ ಎರಡು ಸಲ ಬಿದ್ದ. ರೈತನ ಬಾಗಿಲಿಗೆ ಬಂದು ಭುಜದಿಂದ ಗುದ್ದಿದ. ಇಷ್ಟು ತಿಂಗಳು ಯಾವ ಮಾತಿನಿಂದ ಶುರುಮಾಡುವುದೆಂದು ಯೋಚಿಸುತ್ತಿದ್ದವನ ಬಾಯಿಂದ ಬಂದದ್ದು ಎರಡೇ ಮಾತು.

"ತಮ್ಮಾ, ಬಾ."

ರೈತ ಬಾಗಿಲು ತೆಗೆದ. ಭಾವನ ಮುಖ ನೋಡಿದ, ಕೈ ನೋಡಿದ. ಮೊಳೆಯಿಂದ ಕೀಲಿ ಕಿತ್ತುಕೊಂಡು ಓಡಿದ; ಹೆಂಡತಿಯೂ ಹಿಂದೆಯೇ ಬಂದು ಜೀಪು ಹತ್ತಿದಳು. ಜೀಪು ಮೊದಲ ಸಲಕ್ಕೇ ಹಿಡಿಯಿತು.

ಕೆಳಗೆ ಹೋಗಿ ರೈತ ಅಕ್ಕನನ್ನು ಕಾರಿನಿಂದ ಎತ್ತಿ ಜೀಪಿನಲ್ಲಿ ಮಲಗಿಸಿದ. ಅವನ ಹೆಂಡತಿ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ದೇವೀರಮ್ಮನ ತುಟಿ ನೀಲಿಗಟ್ಟಿತ್ತು. ಕಣ್ಣು ತೆರೆದು ರೈತನನ್ನು ಗುರುತಿಸಿದಳು. "ಬಂದೆಯಾ" ಎಂದಳು. ಅದೇ ಆಕೆ ಆಡಿದ ಕಡೆಯ ಮಾತು.

ಪೇಟೆಗೆ ಹೋಗುವ ದಾರಿಯಲ್ಲಿ ನಾಲೆಯ ಸೇತುವೆ ದಾಟುವಾಗ ಆಕೆಯ ಉಸಿರಿನ ಸದ್ದು ನಿಂತಿತು. ಹಿಂದೆ ಕುಳಿತಿದ್ದ ರೈತನ ಹೆಂಡತಿಗೆ ಅದು ಗೊತ್ತಾಯಿತು. ಆಕೆ ಹೇಳಲಿಲ್ಲ. ಜೀಪು ಓಡಿಸುತ್ತಿದ್ದ ರೈತನಿಗೂ ಗೊತ್ತಾಯಿತು. ಅವನು ವೇಗ ಕಡಿಮೆ ಮಾಡಲಿಲ್ಲ. ವ್ಯಾಪಾರಿ ಮಾತ್ರ ಹೆಂಡತಿಯ ಪಾದ ಉಜ್ಜುತ್ತಾ, "ಇನ್ನೇನು ಬಂತು, ಇನ್ನೇನು ಬಂತು" ಎನ್ನುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ವೈದ್ಯರು ಕೈ ಹಿಡಿದು ನೋಡಿದರು. "ಉಬ್ಬಸ ಶುರುವಾಗಿ ಎಷ್ಟು ಹೊತ್ತಾಗಿತ್ತು?" ಎಂದು ಕೇಳಿದರು. ಇಬ್ಬರು ಗಂಡಸರೂ ನೆಲ ನೋಡಿದರು. ವೈದ್ಯರು ಎರಡನೆಯ ಸಲ ಕೇಳಲಿಲ್ಲ.

ಮಣ್ಣಾಯಿತು. ಬಂದ ನೆಂಟರು ಅತ್ತು, ಉಂಡು, ಹೊರಟುಹೋದರು. ಕಾರು ಕೆರೆಯ ಏರಿಯ ಬುಡದಲ್ಲಿಯೇ ನಿಂತಿತ್ತು. ಯಾರೋ ಪೇಟೆಯ ಮೆಕ್ಯಾನಿಕ್‌ಗೆ ಹೇಳಿ ಕಳುಹಿಸಿದರು. ಅವನು ಬಂದು ಬಾನೆಟ್ ಎತ್ತಿದ. ಬ್ಯಾಟರಿಯ ತಂತಿಯ ಬಾಯಿಗೆ ಬಿಳಿಯ ಪುಡಿ ಕಟ್ಟಿಕೊಂಡಿತ್ತು. ಕೆರೆದು ತೆಗೆದು ಬಿಗಿಮಾಡಿದ. ರೈತನ ಜೀಪನ್ನು ಪಕ್ಕಕ್ಕೆ ತರಿಸಿ ಅದರ ಬ್ಯಾಟರಿಯಿಂದ ತಂತಿ ಕೊಟ್ಟ. ಕಾರಿನ ಎಂಜಿನ್ ತಕ್ಷಣ ಹಿಡಿಯಿತು. ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ತಿರುಗಿ ನೋಡಿದರು.

"ಇಷ್ಟೇ ಇದ್ದದ್ದು" ಎಂದ ಮೆಕ್ಯಾನಿಕ್. ಅವನಿಗೆ ನಡೆದದ್ದು ತಿಳಿದಿರಲಿಲ್ಲ.

"ಆರಿಸು" ಎಂದ ವ್ಯಾಪಾರಿ.

ಆ ಸಂಜೆ ರೈತ ತಾನಾಗಿ ಪಕ್ಕದ ಮನೆಗೆ ಹೋದ. ಯಾರೂ ಕರೆದಿರಲಿಲ್ಲ. ವ್ಯಾಪಾರಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಗೋಡೆಗೆ ಒರಗಿ ಕುಳಿತಿದ್ದ. ರೈತ ಎದುರಿಗೆ ಕುಳಿತ.

ರೈತ ಹೇಳಿದ, "ಭಾವ, ಒಂದು ಮಾತು ಹೇಳದೆ ಇದ್ದರೆ ನನಗೆ ಅನ್ನ ಇಳಿಯುವುದಿಲ್ಲ. ನೀವು ಮೊದಲನೆಯ ಸಲ ಸೆಲ್ಫ್ ಎಳೆದಾಗಲೇ ನನಗೆ ಕೇಳಿತು. ಕೀಲಿ ಕೈಯಲ್ಲಿ ಹಿಡಿದು ಬಾಗಿಲ ಒಳಗೆ ನಿಂತಿದ್ದೆ. ನೀವು ಒಂದು ಸಲ ಕರೆಯುತ್ತೀರೆಂದು ಕಾದಿದ್ದೆ. ಕರೆದಿದ್ದರೆ ಬರುತ್ತಿದ್ದೆ."

ವ್ಯಾಪಾರಿಗೆ ಸಿಟ್ಟು ಬರುತ್ತದೆಂದು ಅವನು ಎಣಿಸಿದ್ದ. ಹೊಡೆದರೂ ಹೊಡೆಯಲಿ ಎಂದು ಸಿದ್ಧನಾಗಿಯೇ ಬಂದಿದ್ದ. ವ್ಯಾಪಾರಿಗೆ ಸಿಟ್ಟು ಬರಲಿಲ್ಲ.

"ನಾನು ಕರೆಯಲಿಲ್ಲ" ಎಂದ. ಆಮೇಲೆ, "ಅವಳು ಕರೆದಳು. ಹಾರನ್ ಒತ್ತಿದಳು. ಅದು ಕೂಗಲಿಲ್ಲ" ಎಂದ.

ರೈತನಿಗೆ ಇದು ತಿಳಿದಿರಲಿಲ್ಲ. ಎದ್ದು ಹಿತ್ತಲಿಗೆ ಹೋದ. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಅತ್ತ. ಅವನ ಹೆಂಡತಿ ಗೋಡೆಯ ಆಚೆಯಿಂದ ಅದನ್ನು ಕೇಳಿದಳು. ಸಮಾಧಾನ ಮಾಡಲು ಆಕೆ ಬರಲಿಲ್ಲ. ಆಕೆಗೂ ಅವನ ಮೇಲೆ ಸಿಟ್ಟಿತ್ತು. ಹೋಗಿ ಎಂದು ತಾನು ಹೇಳಿದ್ದನ್ನು ಆಕೆ ಮರೆತಿರಲಿಲ್ಲ. ಹೇಳಿದವಳು ಬಾಗಿಲು ತೆಗೆದು ತಾನೇ ಹೋಗಲಿಲ್ಲ ಎಂಬುದನ್ನೂ ಆಕೆ ಮರೆತಿರಲಿಲ್ಲ.

ಆಮೇಲೆ ಮಾತು ಕೂಡಿತು. ಎರಡು ಮನೆಗೂ ಸಾರು ಹೋಗಿ ಬರತೊಡಗಿತು. ಸಂಜೆಯ ಹೊತ್ತು ಇಬ್ಬರು ಗಂಡಸರೂ ಒಂದೇ ಜಗಲಿಯ ಮೇಲೆ ಕೂರುತ್ತಿದ್ದರು. ಆದರೆ ಆಡಲು ಅವರಿಗೆ ಹೆಚ್ಚೇನೂ ಉಳಿದಿರಲಿಲ್ಲ.

ಇಬ್ಬರಿಗೂ ಒಂದೊಂದು ಅಭ್ಯಾಸ ಅಂಟಿಕೊಂಡಿತು. ಬರಬರುತ್ತಾ ಊರಿಗೆ ಗಾಡಿಗಳು ಹೆಚ್ಚಿದವು. ಎಲ್ಲಿ ಯಾರ ಗಾಡಿ ಹಿಡಿಯದೆ ಕೆಮ್ಮಿದರೂ ರೈತ ಊಟದ ಎಲೆ ಬಿಟ್ಟು ಎದ್ದು ಓಡುತ್ತಿದ್ದ. ಕೆಲವರು ನಗುತ್ತಿದ್ದರು. "ಕರೆದೆವೇ ನಿನ್ನನ್ನು?" ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಅವನು ಬಾನೆಟ್ ಎತ್ತಿ ಬಗ್ಗಿರುತ್ತಿದ್ದ. ವ್ಯಾಪಾರಿ ಕಾರು ಓಡಿಸುವುದನ್ನು ಬಿಟ್ಟ. ದಾರಿಯಲ್ಲಿ ನಿಂತ ಗಾಡಿ ಕಂಡರೆ ಹತ್ತಿರ ಹೋಗುತ್ತಿದ್ದ. ಎಲ್ಲರೂ ಎಂಜಿನ್‌ಗೆ ಏನಾಯಿತೆಂದು ಕೇಳಿದರೆ ಅವನು ಮೊದಲು, "ಒಳಗೆ ಯಾರಿದ್ದಾರೆ?" ಎಂದು ಕೇಳುತ್ತಿದ್ದ. ಒಳಗಿದ್ದವರನ್ನು ಇಳಿಸಿ, ದಾರಿಯ ಬದಿಯಲ್ಲಿ ಕೂರಿಸಿ, ಕುಡಿಯಲು ನೀರು ಕೊಟ್ಟ ಮೇಲೆಯೇ ಗಾಡಿಯ ಮಾತು.

ಅವರಿಬ್ಬರೂ ಈ ಮಠಕ್ಕೆ ಬರುತ್ತಿದ್ದರು, ಬೇರೆ ಬೇರೆ ದಿನ. ಒಬ್ಬನು ಹೇಳಿದ ಅರ್ಧವನ್ನೂ ಇನ್ನೊಬ್ಬನು ಹೇಳಿದ ಅರ್ಧವನ್ನೂ ಕೂಡಿಸಿ ನಿನಗೆ ಹೇಳಿದ್ದೇನೆ. ವ್ಯಾಪಾರಿ ಬಂದಾಗ, ಕರೆಯದ ತಪ್ಪು ನನ್ನದು, ನನ್ನಿಂದ ಅವನು ಸುಮ್ಮನೆ ಕೊರಗುತ್ತಿದ್ದಾನೆ ಎನ್ನುತ್ತಿದ್ದ. ರೈತ ಬಂದಾಗ, ಗೊತ್ತಿದ್ದೂ ನಿಂತ ತಪ್ಪು ನನ್ನದು, ಭಾವನದು ಏನೂ ಇಲ್ಲ ಎನ್ನುತ್ತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ನಂದೀಶ ಕೈಯಲ್ಲಿದ್ದ ಕಾಯನ್ನು ಸುಲಿಯದೆ ಹಾಗೆಯೇ ಹಿಡಿದಿದ್ದ.

"ಬುದ್ಧಿ, ತಾವು ಏನು ಹೇಳುತ್ತೀರಿ?" ಎಂದು ಕೇಳಿದ. "ಕರೆಯದವನದು ಹೆಚ್ಚು ತಪ್ಪೋ, ಕರೆಯಲಿ ಎಂದು ಕಾದವನದು ಹೆಚ್ಚು ತಪ್ಪೋ?"

ಗುರುಗಳು ಹೇಳಿದರು, "ಅದನ್ನು ತೂಗಿ ನೋಡುವಷ್ಟು ಹೊತ್ತು ಆಕೆಗೆ ಉಸಿರಿರಲಿಲ್ಲ."